ಪರದೆಯನ್ನು ಓದಿ ಹೇಳುವ ತಂತ್ರಾಂಶ



ಪೊಳಲಿಯ ಅಂಧ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನ ಕಾಲೇಜೊಂದರ ಗಣಕಯಂತ್ರದ ಮುಂದೆ ಕುಳಿತಿದ್ದಾಳೆಂದು ಭಾವಿಸಿ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದರಲ್ಲಿಲ್ಲ. ಆದರೆ ಅವಳ ಚೀಲದಲ್ಲೊಂದು ಪೆನ್ ಡ್ರೈವ್ ಇದೆ. ಅದನ್ನು ಸಿಕ್ಕಿಸಿದರೆ ಎನ್‌ವಿಡಿಎ ಎಂಬ ತಂತ್ರಾಂಶ ಅಲ್ಲಿಂದಲೇ ನಡೆಯುತ್ತದೆ. ಗಣಕದಲ್ಲಿ ಏನನ್ನೂ ಅಳವಡಿಸಬೇಕಿಲ್ಲ.

ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಬರೆಯತೊಡಗಿದರು. ಅವರೂ ಅಂಧರೇ. ಇಂಥ ತಂತ್ರಾಂಶಗಳು ಆಗ ಬಲು ದುಬಾರಿ; ಇದು ಉಚಿತ. ಜೊತೆಗೇ ಬರುವ ಇ-ಸ್ಪೀಕ್ ಕನ್ನಡವನ್ನೂ ಓದುತ್ತದೆ. ದನಿ ತುಸು ಯಾಂತ್ರಿಕ, ನಿಜ.

ತೊಡಕಿರುವುದು ನಮ್ಮಲ್ಲಿ. ಗೆಳತಿ ಅವಳಿಗೆ ಪೊಳಲಿ ಚೆಂಡಿನ ಬಗ್ಗೆ ಪ್ರಬಂಧ ಕೊಟ್ಟಳೆನ್ನಿ. ‘ಪೊಳಲಿ’ ಎಂದು ಯೂನಿಕೋಡಿನಲ್ಲಿ ಟೈಪು ಮಾಡಿದ್ದರೆ ಗಣಕದೊಳಗೆ 5 ಕನ್ನಡ ಸಂಕೇತಗಳು ದಾಖಲಾಗಿರುತ್ತವೆ. ಹಳೆಯ ಫಾಂಟಾದರೆ ಒಳಗಿರುವುದು ರೋಮನ್ ಲಿಪಿಯ ಸಂಕೇತಗಳೇ. ಫಾಂಟು ಅವಕ್ಕೆ ಕನ್ನಡದ ವೇಷ ಕಟ್ಟುತ್ತದೆ, ಅಷ್ಟೆ. ವೇಷ ನೋಡುವವರಿಗೆ. ತಂತ್ರಾಂಶ ಒಳಗಿನದನ್ನೇ ಓದುತ್ತದೆ, ಅವಳ ಕಿವಿಗೆ ಬೀಳುವುದು ಅರ್ಥವಿಲ್ಲದ ಸದ್ದು.

ನನ್ನ ಕಾರ್ಯಕ್ರಮಗಳ ಬರಹಗಳನ್ನೂ ಎಷ್ಟೋ ಕಾಲ ಹಳೆಯ ಫಾಂಟಿನಲ್ಲೇ ಸಿದ್ಧಪಡಿಸಿದೆ. ತೆರೆಯ ಮೇಲೆ ಅಂದವಾಗಿ ಕಂಡರೆ ಸಾಕೆನ್ನುವುದು ನಮ್ಮ ವೃತ್ತಿಯ ಚಟ! ನುಡಿ, ಬರಹ ಎರಡರಲ್ಲೂ ಯೂನಿಕೋಡ್ ಆಯ್ಕೆಯಿದೆ. ಮುಂದಿನ ಟಿಪ್ಪಣಿಯನ್ನು ಟೈಪು ಮಾಡುವ ಮೊದಲು ಅದನ್ನು ಆರಿಸಿಕೊಳ್ಳಿ.