ಸೂರ್ಯನಲ್ಲಿ ಬಿಗಿಯುವ ಹುರಿ



2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರ ಮೂಲ ಸೂರ್ಯನ ಸ್ಫೋಟಗಳು. ಸ್ಫೋಟ ಕೆಲವೇ ನಿಮಿಷಗಳದ್ದು. ಅದರ ತಯಾರಿ ಮಾತ್ರ ದಿನಗಟ್ಟಲೆ ನಡೆದಿರುತ್ತದೆ. ನಾನಿಂದು ಹೇಳಬೇಕೆಂದಿರುವುದು ಆ ತಯಾರಿಯನ್ನು.

ಸೂರ್ಯನ ಬಿಸಿ ಅನಿಲದಲ್ಲಿ ವಿದ್ಯುತ್ ಹರಿಯುತ್ತದೆ. ಅನಿಲ ಹೊರಳಿದಂತೆ ಕಾಂತರೇಖೆಗಳೂ ಅದರೊಂದಿಗೆ ಹೊರಳಿ, ಸೂರ್ಯನ ಕಲೆಗಳ ಬಳಿ ತಿರುಚಿಕೊಳ್ಳುತ್ತವೆ. ದಾರಕ್ಕೆ ಹುರಿ ಹಾಕಿ ನೋಡಿ: ಒಂದೊಂದು ಸುತ್ತಿಗೂ ಬಿಗಿ ಹೆಚ್ಚುತ್ತದೆ, ನಮ್ಮ ಕೈಯ ಶ್ರಮ ದಾರದೊಳಗೆ ಸೇರುತ್ತದೆ. ಅಲ್ಲಿಯೂ ಹಾಗೆಯೇ ಶಕ್ತಿ ಕೂಡುತ್ತಾ ಹೋಗುತ್ತದೆ. ಕೊನೆಗೆ ಎದುರುಬದುರು ದಿಕ್ಕಿನ ರೇಖೆಗಳು ತಾಗಿ, ಕಡಿದು, ಹೊಸದಾಗಿ ಬೆಸೆದಾಗ ಆ ಶಕ್ತಿ ಸಿಡಿಯುತ್ತದೆ.

ಸಿಡಿದ ಬೆಳಕು 8 ನಿಮಿಷದಲ್ಲಿ ಇಲ್ಲಿರುತ್ತದೆ. ಹಿಂದೆಯೇ ಕಾಂತ ಬಿರುಗಾಳಿಯೂ ಬರಬಹುದು. 1989ರ ಮಾರ್ಚಿನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ 9 ಗಂಟೆ ಕತ್ತಲಲ್ಲಿದ್ದರು.

ಆದ್ದರಿಂದ ಸಿಡಿತಕ್ಕಿಂತ ಮೊದಲು ಹುರಿಯನ್ನೇ ಗಮನಿಸಬೇಕು. ಅದರ ಬಿಗಿಯನ್ನು ಅಂದಾಜು ಮಾಡಬಹುದು. ಕಡಿಯುವ ಗಳಿಗೆಯನ್ನು ಖಚಿತವಾಗಿ ಹೇಳಲು ಇನ್ನೂ ಯಾರಿಗೂ ಆಗಿಲ್ಲ. ನಮ್ಮ ಆದಿತ್ಯ-ಎಲ್1 ನೌಕೆ ಸೂರ್ಯನನ್ನು ನೋಡುತ್ತಲೇ ಇದೆ. ಅದು ಕಳಿಸುವುದನ್ನು ಓದಿ ಬಿಡಿಸುವವರು ಬೇಕು. ವಿಜ್ಞಾನ ಓದುತ್ತಿರುವ ಮಗಳೋ ಸೊಸೆಯೋ ಮನೆಯಲ್ಲಿದ್ದರೆ, ಈ ಕೆಲಸ ಬಾಕಿಯಿದೆಯೆಂದು ದಯವಿಟ್ಟು ತಿಳಿಸಿ.