ಹಾರುವ ಓತಿಯ ಬೆನ್ನು ಹತ್ತಿ

ಅಳಿದುಹೋಯಿತೆಂದು ಲೋಕ ಬಗೆದ ಜೀವಿಯನ್ನು ಅರಸಿ ಹೊರಡುವ ಕಥೆ ಪಾಶ್ಚಾತ್ಯ ಸಾಹಿತ್ಯಕ್ಕೆ ಹೊಸದಲ್ಲ. ಆರ್ಥರ್ ಕಾನನ್ ಡಾಯ್ಲ್ 1912ರಲ್ಲಿ ಪ್ರಕಟಿಸಿದ 'ದಿ ಲಾಸ್ಟ್ ವರ್ಲ್ಡ್' ಕಾದಂಬರಿಯಲ್ಲಿ ವಿಜ್ಞಾನಿಯು ರೆಕ್ಕೆಯುಳ್ಳ ಪ್ರಾಚೀನ ಸರೀಸೃಪವೊಂದನ್ನು ಲಂಡನ್ನಿನ ಸಭೆಗೇ ತಂದು ತೋರಿಸುತ್ತಾನೆ. ಅದು ಕಿಟಕಿಯಿಂದ ಹಾರಿಹೋಗುತ್ತದೆ.

ಇಂಥದೇ ವಸ್ತುವನ್ನು ಕನ್ನಡದ ಮಣ್ಣಿನಲ್ಲಿ ಬೇರೂರಿಸಿದವರು ಪೂರ್ಣಚಂದ್ರ ತೇಜಸ್ವಿಯವರು. ಅವರ 'ಕರ್ವಾಲೊ' 1980ರಲ್ಲಿ ಹೊರಬಂದಿತು. ಅದರಲ್ಲಿ ಅನ್ಯಗ್ರಹವಿಲ್ಲ, ಯಂತ್ರಮಾನವನಿಲ್ಲ. ಜೇನು, ಮದುವೆ, ಕೋರ್ಟುಗಳ ಮಲೆನಾಡಿನ ದೈನಂದಿನ ಬದುಕಿನ ನಡುವೆಯೇ ಕೋಟ್ಯಂತರ ವರ್ಷಗಳ ಜೀವವಿಕಾಸದ ಬಾಗಿಲು ತೆರೆದುಕೊಳ್ಳುತ್ತದೆ. ಕರ್ವಾಲೊ ವಿದ್ವಾಂಸರು, ನಿಜ. ಆದರೆ ಹಾರುವ ಓತಿಯನ್ನು ಕಣ್ಣಾರೆ ಕಂಡವನು, ಊರವರು ಪೆದ್ದನೆಂದು ಬಗೆದ ಮಂದಣ್ಣ. ಆತನ ಕಣ್ಣನ್ನು ನಂಬಿದ್ದೇ ಆ ವಿಜ್ಞಾನಿಯ ದೊಡ್ಡತನ. ಕೊನೆಗೆ ಓತಿ ಕೈಗೆ ಸಿಕ್ಕದೆ ಕಣಿವೆಯತ್ತ ತೇಲಿಹೋಗುತ್ತದೆ. ಡಾಯ್ಲನಲ್ಲಿ ತಪ್ಪಿಸಿಕೊಂಡದ್ದು ಬಂದಿಯಾದ ಪ್ರಾಣಿ. ಇಲ್ಲಿ ಜೀವಿ ಎಂದೂ ಬಂದಿಯಾಗಲೇ ಇಲ್ಲ.

ವಾಸ್ತವದಲ್ಲಿ ಹಾರುವ ಓತಿ ಇಂದಿಗೂ ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಕೆ ತೋಟಗಳಲ್ಲಿ ಬದುಕಿದೆ. ನೀಳವಾದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಚ್ಚಿ ಅದು ಮರದಿಂದ ಮರಕ್ಕೆ ತೇಲುತ್ತದೆ, ಇರುವೆಗಳನ್ನು ತಿನ್ನುತ್ತದೆ. ಮರ ಮರಗಳ ನಡುವಿನ ಅಂತರ ತೇಲುವ ಅಳವನ್ನು ಮೀರಿದರೆ ಅದರ ದಾರಿಯೇ ಕಡಿದುಹೋದಂತೆ. ಅಳಿವಿಗೆ ಪ್ರಳಯವೇ ಬೇಕೆಂದಿಲ್ಲ.

ಚೀತಾವನ್ನು ಕನ್ನಡಿಗರು ಸಿವಂಗಿ ಎಂದು ಕರೆಯುತ್ತಿದ್ದರು. 1952ರಲ್ಲಿ ಅದು ಭಾರತದಲ್ಲಿ ಅಳಿಯಿತೆಂದು ಸರ್ಕಾರ ಘೋಷಿಸಿತು. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಪ್ರಾಣಿಯನ್ನು ವಿಮಾನದಲ್ಲಿ ತರಬಹುದು. ಅದರ ಹೆಜ್ಜೆಯನ್ನು ಗುರುತಿಸುತ್ತಿದ್ದ ಜನರ ತಿಳಿವಳಿಕೆಯನ್ನು ಎಲ್ಲಿಂದ ತರೋಣ?

ನಾನು ವಾಸಿಸುವ ಗಂಗಾನಗರಕ್ಕೆ ಹೆಬ್ಬಾಳದ ಕೆರೆ ದೂರವಲ್ಲ. ಹೆಜ್ಜಾರ್ಲೆ, ನಾಮದ ಕೋಳಿಗಳು ಅಲ್ಲಿ ಈಗಲೂ ಕಾಣಸಿಗುತ್ತವೆ. ಬಳ್ಳಾರಿ ರಸ್ತೆಯಲ್ಲಿ ನಿತ್ಯ ಓಡಾಡುವ ತರುಣರಲ್ಲಿ ಈ ಹೆಸರುಗಳನ್ನು ಬಲ್ಲವರೆಷ್ಟು ಮಂದಿ? ಹೆಸರು ಮರೆತ ಜೀವಿ ಇಲ್ಲವಾದರೆ, ಇಲ್ಲವಾಯಿತೆಂಬ ಅರಿವೂ ನಮಗಾಗದು.

ಆದ್ದರಿಂದಲೇ 'ಕರ್ವಾಲೊ' ಎಳೆಯರ ಕೈಗೆ ಕೊಡಬೇಕಾದ ಪುಸ್ತಕ. ಅದು ಕಾಡನ್ನು ಉಳಿಸಿರೆಂದು ಉಪದೇಶಿಸುವುದಿಲ್ಲ, ನೋಡುವುದನ್ನು ಕಲಿಸುತ್ತದೆ. ಮಂದಣ್ಣನಂಥ ಕಣ್ಣುಗಳು ನಮ್ಮ ನಡುವೆ ಇರುವವರೆಗೆ ಓತಿಗೂ ಒಂದು ಮರ ಉಳಿದೀತು.