ಸಮಾಜವನ್ನು ಕಟ್ಟುವ ಸೂತ್ರ



ಮನುಷ್ಯರನ್ನು ಒಂದು ಸಮಾಜವಾಗಿ ಕಟ್ಟುವ ಸೂತ್ರವು ಯಾವುದು? ಸಮಾಜತತ್ತ್ವದ ಮೂಲಪ್ರಶ್ನೆಯು ಇದೇ. ಆಂಗ್ಲ ತತ್ತ್ವಜ್ಞನಾದ ಹಾಬ್ಸನು 1651ರಲ್ಲಿ ಇದಕ್ಕೊಂದು ಉತ್ತರವನ್ನಿತ್ತನು: ಪರಸ್ಪರ ಭಯದಿಂದ ಜನರು ಪ್ರಭುಶಕ್ತಿಗೆ ಅಧೀನರಾಗುವರು, ಅದಿಲ್ಲದೆಡೆ ಸಮಾಜವೇ ನಿಲ್ಲದು. 1762ರಲ್ಲಿ ರೂಸೋ ಬೇರೆ ಮಾತನ್ನಾಡಿದನು: ಬಲಾತ್ಕಾರದಿಂದ ಕರ್ತವ್ಯವು ಹುಟ್ಟದು, ಜನಸಮ್ಮತಿಯೇ ಅಧಿಕಾರಕ್ಕೆ ಆಧಾರವು.

ನಮ್ಮ ನಾಡಿನ ಚರಿತ್ರೆಯು ಈ ವಾದಗಳಿಗೆ ಒರೆಗಲ್ಲು. 1799ರಲ್ಲಿ ಶ್ರೀರಂಗಪಟ್ಟಣವೂ 1818ರಲ್ಲಿ ಪೇಶ್ವೆಯರ ಆಳಿಕೆಯೂ ಬಿದ್ದ ತರುವಾಯ ಕನ್ನಡಿಗರು ಮೈಸೂರು, ಮದರಾಸು, ಮುಂಬಯಿ, ಹೈದರಾಬಾದು ಮೊದಲಾದ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಆದರೂ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತೂ ಹುಟ್ಟಿದವು. ನಾಡು ಒಂದು ರಾಜ್ಯವಾದುದು 1956ರ ನವೆಂಬರ್ 1ರಂದು. ಇಲ್ಲಿ ಸಮಾಜವು ರಾಜ್ಯಕ್ಕಿಂತ ಮೊದಲೇ ಕೂಡಿತ್ತು.

ಇಷ್ಟಕ್ಕೇ ಹಿಗ್ಗುವುದು ತರವಲ್ಲ. ಸಮ್ಮತಿಯೆಂದರೆ ಯಾರ ಸಮ್ಮತಿ? ರೂಸೋವಿನ ಪೌರರಲ್ಲಿ ಸ್ತ್ರೀಯರಿಗೆ ಸ್ಥಾನವಿರಲಿಲ್ಲ. ಮಹಾರಾಷ್ಟ್ರದ ಮಹಾಡದಲ್ಲಿ ಸಾರ್ವಜನಿಕ ಕೆರೆಯ ನೀರಿಗಾಗಿ 1927ರಲ್ಲಿ ಅಂಬೇಡ್ಕರರು ಸತ್ಯಾಗ್ರಹ ಹೂಡಬೇಕಾಯಿತು. ಅಲ್ಲಿ ತಡೆದವರ ನುಡಿಯೂ ಬಾಯಾರಿದವರ ನುಡಿಯೂ ಒಂದೇ. ಸಮಾಜ ಮಾತ್ರ ಒಂದಾಗಿರಲಿಲ್ಲ. ಕನ್ನಡನಾಡಿನ ಊರುಗಳೂ ಈ ಕಳಂಕದಿಂದ ಹೊರತಾಗಿರಲಿಲ್ಲ.

ಗಡಿಗಳನ್ನು ಕಾಯಿದೆಯು ಕೂಡಿಸಿತು. ಮನಗಳನ್ನು ಕೂಡಿಸುವ ಹೊಣೆಯು ನಮ್ಮದು. ಉಪಾಧ್ಯಾಯ ಮಹಾಶಯರೇ, ನಿಮ್ಮ ಶಾಲೆಯ ನೀರಿನ ಕೊಡದ ಬಳಿಯಲ್ಲಿಯೇ ಆ ಕಾರ್ಯವು ಮೊದಲಾಗಲೆಂದು ಬಿನ್ನವಿಸಿ ವಿರಮಿಸುವೆನು.